ಹೈಪೋಥೈರಾಯ್ಡ್ ಇದೆ, ತೂಕ ಇಳೀತಿಲ್ಲ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಮೂರು ವರ್ಷದಿಂದ ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕಮ್ಮಿ ಇರೋದು). ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ 75 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ನುಂಗಿ, ಒಂದು ಗಂಟೆ ಕಾಫಿ ಮುಖ ನೋಡದೆ ಕೂರುತ್ತೇನೆ (ಅದೇ ದೊಡ್ಡ ತಪಸ್ಸು!). ಕ್ಯಾಲ್ಸಿಯಂ ಮಾತ್ರೆ ರಾತ್ರಿಗೆ. ಹೋದ ತಿಂಗಳು ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 3.1 ಬಂತು, ನಾರ್ಮಲ್. ತೂಕ ಮಾತ್ರ 74 ಕೆಜಿಯಿಂದ ಅಲ್ಲಾಡುತ್ತಿಲ್ಲ.

ಅನ್ನ ಕಮ್ಮಿ ಮಾಡಿ ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಬಸ್ಸಾರು, ಪಲ್ಯ ತಿನ್ನುತ್ತೇನೆ. ಸಂಜೆ ಐದಾದರೆ ಕೈ ತಾನಾಗಿ ಕೋಡುಬಳೆ ಡಬ್ಬಕ್ಕೆ ಹೋಗುತ್ತದೆ. ಆ ಹೊತ್ತಿಗೆ ನೀವೆಲ್ಲ ಏನು ತಿನ್ನುತ್ತೀರಿ? ನಮ್ಮತ್ತೆ ಥೈರಾಯ್ಡ್ ಇರೋದ್ರಿಂದ ಎಲೆಕೋಸು ಮುಟ್ಟಲೇಬೇಡ ಅಂತಾರೆ. ಬೇಯಿಸಿ ಮಿತವಾಗಿ ತಿಂದರೆ ಏನೂ ಆಗಲ್ಲ ಅಂತ ಡಾಕ್ಟರು.

ಮಾತ್ರೆ ಬಿಟ್ಟು ಕಷಾಯ ಕುಡಿ ಅನ್ನೋ ಸಲಹೆ ಮಾತ್ರ ಬೇಡ. ನಿಧಾನವಾಗಿಯಾದರೂ ಇಳಿಸಿದವರು ಇದ್ದರೆ, ರಾತ್ರಿ ಊಟಕ್ಕೆ ಏನು ಮಾಡ್ಕೊಂಡ್ರಿ ಅಂತ ಹೇಳ್ತೀರಾ?