ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮ್ಮ ತಂದೆ ವಿಲ್ ಬರೆಯದೆ ತೀರಿಕೊಂಡರು. ಪಿತ್ರಾರ್ಜಿತ ಗದ್ದೆಯಲ್ಲಿ ನನಗೆ ಪಾಲು ಬೇಡವೆಂದು ವೈಕುಂಠ ಸಮಾರಾಧನೆಯ ಮರುದಿನವೇ ಅಣ್ಣ ಛಾಪಾ ಕಾಗದದ ಮೇಲೆ ನನ್ನಿಂದ ಬರೆಸಿಕೊಂಡಿದ್ದಾರೆ. ಈಗ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಸಹಿ ಬೇಕೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಯುತ್ತಿದ್ದಾರೆ. ನನ್ನ ಹಕ್ಕು ಆಗಲೇ ಹೋಯಿತೇ? ದಾವೆ ಹೂಡುವಷ್ಟು ಹಣವೂ ನನ್ನಲ್ಲಿಲ್ಲ.

ಉತ್ತರ: ಹೋಗಿಲ್ಲ. ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿಯಾಗಲೇಬೇಕು. ಬರೀ ಛಾಪಾ ಕಾಗದದ ಬರಹದಿಂದ ನಿಮ್ಮ ಪಾಲು ಅಣ್ಣನಿಗೆ ಸೇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಮತ್ತು ಅದು ಹುಟ್ಟಿನಿಂದಲೇ ಬರುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನನಗೆ ಆತಂಕವಿರುವುದು ಈಗ ಬಂದಿರುವ ಕರೆಯ ಬಗ್ಗೆ. ಪೌತಿ ಖಾತೆ ಕಂದಾಯ ಇಲಾಖೆಯ ಕೆಲಸ. ಅರ್ಜಿ ಹೋಗುವುದು ನಾಡಕಚೇರಿಗೆ. ಸಬ್ ರಿಜಿಸ್ಟ್ರಾರ್ ಎದುರು ನಿಮ್ಮಿಂದ ಹೆಬ್ಬೆಟ್ಟು, ಫೋಟೋ ತೆಗೆಸಿಕೊಳ್ಳುತ್ತಾರೆಂದರೆ ಅದು ಬಹುತೇಕ ಹಕ್ಕು ಬಿಡುಗಡೆ ಪತ್ರವೇ ಆಗಿರುತ್ತದೆ. ಪತ್ರದ ಕರಡನ್ನು ಮೊದಲೇ ಕೇಳಿ ಪಡೆದು ಮನೆಯಲ್ಲಿ ಕುಳಿತು ಓದಿ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಪ್ರತಿಫಲ ಪಡೆದು’ ಎಂಬ ಸಾಲು ಅದರಲ್ಲಿದ್ದು ನೀವು ಸಹಿ ಮಾಡಿದರೆ, ಹಣ ಕೈಸೇರಲಿಲ್ಲವೆಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಷೆಡ್ಯೂಲಿನಲ್ಲಿ ಯಾವ ಸರ್ವೆ ನಂಬರುಗಳಿವೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಏನೆಂದು ಬರೆದಿದೆ ಎಂಬುದನ್ನು ಪಹಣಿಯೊಂದಿಗೆ ತಾಳೆ ನೋಡಿ. ಗದ್ದೆಯ ಜೊತೆಗೆ ಮನೆ, ನಿವೇಶನಗಳೂ ಅಲ್ಲಿ ಸೇರಿರಬಹುದು. ಮೋಸದಿಂದ ನೋಂದಣಿಯಾದ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬಹುದಾದರೂ ಅದಕ್ಕೆ ಮೋಸ ತಿಳಿದ ದಿನದಿಂದ ಮೂರೇ ವರ್ಷಗಳ ಅವಧಿಯಿದೆ, ಹೋರಾಟವೂ ಸುಲಭವಲ್ಲ.

ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ನ್ಯಾಯಾಲಯದ ಶುಲ್ಕವೂ ಆ ನೆರವಿನೊಳಗೆ ಬರುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ನಮ್ಮ ತಂದೆ ಇನ್ನೂ ಇದ್ದಾರೆ. ಅವರ ಸ್ವಯಾರ್ಜಿತ ಮನೆಯಲ್ಲಿ ಮುಂದೆ ಬರುವ ಪಾಲನ್ನು ಈಗಲೇ ಬಿಟ್ಟುಕೊಡು ಎನ್ನುತ್ತಿದ್ದಾರೆ. ಅದು ಊರ್ಜಿತವಾಗುತ್ತದೆಯೇ?

ಉತ್ತರ: ಸ್ವಯಾರ್ಜಿತ ಆಸ್ತಿಯಲ್ಲಿ ಅವರಿರುವವರೆಗೆ ನಿಮಗಿರುವುದು ಬರೀ ನಿರೀಕ್ಷೆ, ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಕಲಂ ಪ್ರಕಾರ ಅಂಥ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ. ಆದರೆ ಹಣ ಪಡೆದು ಬರೆದುಕೊಟ್ಟಿದ್ದರೆ, ಮುಂದೆ ಪಾಲು ಕೇಳುವಾಗ ಆ ಬರಹವೇ ನಿಮಗೆ ಅಡ್ಡ ಬರಬಹುದು. ಆದ್ದರಿಂದ ಹಣವನ್ನೂ ಪಡೆಯಬೇಡಿ, ಸಹಿಯನ್ನೂ ಹಾಕಬೇಡಿ.