ಸಹಾಯ ಬೇಕು: ರಕ್ಷಣಾ ಕಚೇರಿಯ ಸಿವಿಲಿಯನ್ ಸಿಬ್ಬಂದಿಗೆ ಕನ್ನಡದಲ್ಲಿ ಮಾಹಿತಿ ಸುರಕ್ಷತೆ ತರಬೇತಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ರಕ್ಷಣಾ ಕಚೇರಿಯ ಸಿವಿಲಿಯನ್ ಸಿಬ್ಬಂದಿಗೆ ಮಾಹಿತಿ ಸುರಕ್ಷತೆ ಹೇಳಿಕೊಡುವ ಕೆಲಸ ನನಗೆ ಬಂದಿದೆ. ಸ್ಟೋರ್ಸ್, ಅಕೌಂಟ್ಸ್‌ನವರು, ಟೈಪಿಸ್ಟ್, ಡ್ರೈವರ್‌ಗಳು. ಸಿಕ್ಕಿರುವ ಸ್ಲೈಡ್‌ಗಳೆಲ್ಲ ಇಂಗ್ಲಿಷ್, ಹಿಂದಿಯಲ್ಲಿವೆ. ಅದನ್ನೇ ಓದಿದರೆ ಸಹಿ ಹಾಕಿ ಎದ್ದು ಹೋಗುತ್ತಾರೆ, ಅಷ್ಟೇ.

ಇವರ ಕೈಯಲ್ಲಿ ಕ್ಷಿಪಣಿ ನಕ್ಷೆ ಇರುವುದಿಲ್ಲ, ನಿಜ. ಆದರೆ ಯಾವ ಬಿಡಿಭಾಗ ಎಷ್ಟು ಬಂತು, ಯಾವ ಅಧಿಕಾರಿ ಎಲ್ಲಿಗೆ ಹೊರಟರು ಅನ್ನೋದು ಇವರಿಗೇ ಮೊದಲು ಗೊತ್ತಾಗುತ್ತದೆ. ಗೂಢಚಾರರಿಗೆ ಇದೂ ಬೇಕು. 'ಡಿಎ (ತುಟ್ಟಿಭತ್ಯೆ) ಬಾಕಿ ಪಟ್ಟಿ' ಅಂತ ನಕಲಿ ಮೇಲ್ ಬಂದರೆ ಯಾರು ತೆರೆಯುವುದಿಲ್ಲ ಹೇಳಿ? ಅದರ ವಿಳಾಸದಲ್ಲಿ 'ಗವ್' (gov) ಮತ್ತು 'ಇನ್' (in) ನಡುವೆ ಚುಕ್ಕಿ ಬದಲು ಅಡ್ಡಗೆರೆ ಇರಬಹುದು. ಅದನ್ನು ದೊಡ್ಡದಾಗಿ ತೋರಿಸಿ, ಅವರ ಕೈಯಲ್ಲೇ ಹುಡುಕಿಸಬೇಕು ಅಂತ ಆಸೆ.

1923ರ ಅಧಿಕೃತ ರಹಸ್ಯ ಕಾಯ್ದೆ ಗುಮಾಸ್ತರಿಗೂ ಅನ್ವಯಿಸುತ್ತದೆ. 2023ರಲ್ಲಿ ಪುಣೆಯಲ್ಲಿ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ವಿಜ್ಞಾನಿಯೊಬ್ಬರ ಬಂಧನ ಮಾಹಿತಿ ಸೋರಿಕೆ ಆರೋಪದಲ್ಲಿ ಆದ ಸುದ್ದಿ ಹಲವರು ಓದಿರುತ್ತಾರೆ. ಫೇಸ್‌ಬುಕ್‌ನ ಅಪರಿಚಿತ ಗೆಳತಿ, ವಾಟ್ಸಾಪ್‌ನಲ್ಲಿ ಕಡತದ ಫೋಟೊ, ಇದನ್ನೆಲ್ಲ ಹೆದರಿಸದೆ ಹೇಳುವುದು ಹೇಗೆ? ಸುಮ್ನೆ ಹೆದರಿಸಿದರೆ, ನಾಳೆ ಏನಾದರೂ ಆದಾಗ ಮುಚ್ಚಿಡುತ್ತಾರೆ. ನನಗೆ ಜಾಸ್ತಿ ಚಿಂತೆ ಇದೇ.

ಬ್ಯಾಂಕ್‌ನಲ್ಲೋ ಸೈಬರ್ ಠಾಣೆಯಲ್ಲೋ ಇಂಥ ಪಾಠ ಮಾಡಿದವರಿದ್ದರೆ ಕನ್ನಡದ ಸ್ಲೈಡ್, ಭಿತ್ತಿಪತ್ರ, ಉದಾಹರಣೆ ಕೊಡಿ. ಫೋನ್ ಗೇಟ್‌ನಲ್ಲೇ ಬಿಡಬೇಕು, ಹಾಗಾಗಿ ಪ್ರಿಂಟ್ ಹಾಕುವಂತಿರಲಿ. ಎಲ್ಲವನ್ನೂ ಮೊದಲು ನಮ್ಮ ಭದ್ರತಾ ಅಧಿಕಾರಿಗೆ ತೋರಿಸುತ್ತೇನೆ. ದಯವಿಟ್ಟು ನಿಮ್ಮ ಕಚೇರಿಯ ಒಳಗಿನ ವಿವರ ಇಲ್ಲಿ ಬರೆಯಬೇಡಿ.