ಹೊಸ ಕಾರಿನ ಕೊಟೇಷನ್‌ನಲ್ಲಿ ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್: ಯಾವುದು ಬೇಕು, ಯಾವುದು ಬೇಡ?

ಪಾಂಡವಪುರದವ:
ಎಲ್ಲರಿಗೂ ನಮಸ್ಕಾರ. ಮನೆಗೆ ಮೊದಲ ಕಾರು ತಗೊಳ್ಳುತ್ತಿದ್ದೇವೆ. ಅಪ್ಪನಿಗೆ ಮಂಡಿ ನೋವು. ಬಸ್ಸು ಹತ್ತಿ ಮೈಸೂರಿಗೆ ಡಾಕ್ಟರ್ ಹತ್ತಿರ ಹೋಗೋದು ಈಗ ಕಷ್ಟ. 1,197 ಸಿಸಿ ಪೆಟ್ರೋಲ್ ಕಾರು, ಎಕ್ಸ್ ಶೋರೂಂ 7.84 ಲಕ್ಷ. ಅಷ್ಟಕ್ಕೆ ಬಜೆಟ್ ಹೊಂದಿಸಿಕೊಂಡಿದ್ದೆವು. ಕೊಟೇಷನ್ ಕೈಗೆ ಬಂದಾಗ ಟ್ಯಾಕ್ಸು, ರಿಜಿಸ್ಟ್ರೇಷನ್ ಬಿಟ್ಟು ಇಷ್ಟು ಸೇರಿದೆ: ಇನ್ಶೂರೆನ್ಸ್ 46,000, ‘ಎಸೆನ್ಷಿಯಲ್ ಕಿಟ್’ 18,500, ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚುವ ರಕ್ಷಣೆಯ ಪದರ) 16,000, ಅಂಡರ್‌ಬಾಡಿ ಕೋಟಿಂಗ್ 6,500, ಹ್ಯಾಂಡ್ಲಿಂಗ್ ಚಾರ್ಜ್ 7,500. ‘ಕಿಟ್ ಎಲ್ಲರೂ ತಗೊಳ್ತಾರೆ ಸರ್, ಇನ್ಶೂರೆನ್ಸ್ ಹೊರಗಡೆ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗಲ್ಲ’ ಅಂತಾರೆ (ರಿಪೇರಿ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರ ವರ್ಕ್‌ಶಾಪಿಗೆ ಕಟ್ಟೋದು). ಬುಕಿಂಗ್ ದುಡ್ಡು ಇನ್ನೂ ಕಟ್ಟಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕುವೆಂಪುನಗರ ನಿವಾಸಿ:
ಬುಕಿಂಗ್ ಕಟ್ಟದೆ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಮಾತಿಗೆ ಬೆಲೆ ಇರೋದು ಅಲ್ಲಿವರೆಗೆ ಮಾತ್ರ. ನಾನು ಮೈಸೂರಿನ ಒಂದು ಶೋರೂಂನ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತವಳು. ಕಾರು ಮಾರಿದರೆ ಡೀಲರ್‌ಗೆ ಸಿಗೋದು ಕಮ್ಮಿ. ಇನ್ಶೂರೆನ್ಸ್, ಆಕ್ಸೆಸರೀಸ್, ಕೋಟಿಂಗ್‌ನಲ್ಲಿ ಸಿಗೋದು ಜಾಸ್ತಿ. ನಿಮ್ಮ ಎದುರು ಕೂತ ಹುಡುಗನಿಗೆ ಇದಕ್ಕೆಲ್ಲ ತಿಂಗಳ ಟಾರ್ಗೆಟ್ ಇರುತ್ತದೆ. ಅವನ ಮೇಲೆ ಸಿಟ್ಟಾಗಬೇಡಿ, ಆದರೆ ಬೇಡದ್ದನ್ನು ಬೇಡ ಅಂತಲೇ ಹೇಳಿ.

ಮೊದಲು ಇನ್ಶೂರೆನ್ಸ್. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ಇನ್ಶೂರೆನ್ಸ್, ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ನಿಮ್ಮ ಸಿಸಿಗೆ 2022ರಲ್ಲಿ ನಿಗದಿಯಾದ ದರ ಮೂರು ವರ್ಷಕ್ಕೂ ಸೇರಿ 10,640 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದು ಯಾವ ಕಂಪನಿಯಲ್ಲೂ ಒಂದೇ. ನಿಮ್ಮ ಕಾರಿನ ಡ್ಯಾಮೇಜ್‌ಗೆ ಒಂದು ವರ್ಷದ್ದು ಸಾಕು. ವ್ಯತ್ಯಾಸ ಎಲ್ಲ ಇರೋದು ಆ ಭಾಗದಲ್ಲಿ, ಆಮೇಲೆ ಆಡ್-ಆನ್‌ಗಳಲ್ಲಿ (ಹೆಚ್ಚುವರಿ ಕವರ್‌ಗಳು). ಹೊರಗಡೆಯಿಂದ ಎರಡು ಕೊಟೇಷನ್ ತರಿಸಿ. ಆದರೆ ಐಡಿವಿ, ಅಂದರೆ ಕಾರು ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ, ಒಂದೇ ಇದೆಯಾ ನೋಡಿ. ಹೊಸ ಕಾರಿಗೆ ಅದು ಎಕ್ಸ್ ಶೋರೂಂ ಬೆಲೆಯ ಶೇ. 95 ಇರುತ್ತದೆ. ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸಿದರೆ, ಕಾರು ಕಳುವಾದ ದಿನ ನಷ್ಟ ನಿಮಗೆ.

ಕ್ಯಾಶ್‌ಲೆಸ್ ಸಿಗೋದು ಇನ್ಶೂರೆನ್ಸ್ ಕಂಪನಿಗೂ ಆ ವರ್ಕ್‌ಶಾಪಿಗೂ ಟೈಅಪ್ ಇದ್ದರೆ. ಪಾಲಿಸಿ ಎಲ್ಲಿ ತಗೊಂಡಿರಿ ಅನ್ನೋದರಿಂದಲ್ಲ. ನಿಮ್ಮ ಸರ್ವಿಸ್ ಸೆಂಟರ್ ಹೆಸರು ಅವರ ಪಟ್ಟಿಯಲ್ಲಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಝೀರೋ ಡೆಪ್, ಅಂದರೆ ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮ್ ದುಡ್ಡು ಕಡಿಯದ ಕವರ್, ಖಂಡಿತ ಹಾಕಿಸಿ. ಬಂಪರ್ ಪ್ಲಾಸ್ಟಿಕ್ ಅಲ್ವಾ, ಅದಿಲ್ಲದಿದ್ದರೆ ಕ್ಲೇಮ್‌ನಲ್ಲಿ ಅರ್ಧ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನಿಮಗೆ ಈಗಾಗಲೇ ಇದ್ದರೆ ಇನ್ನೊಂದು ಸಲ ತಗೊಳ್ಳಬೇಕಿಲ್ಲ. ಬರೆದುಕೊಟ್ಟರೆ ತೆಗೆಯುತ್ತಾರೆ. ಹೊರಗಿನ ಕೊಟೇಷನ್ ತೋರಿಸಿದ ಮೇಲೆ ಶೋರೂಂನವರೇ ಇಳಿಸಿದರೆ ಅಲ್ಲೇ ಮಾಡಿಸಿ, ಕ್ಲೇಮ್‌ಗೆ ಓಡಾಟ ಕಮ್ಮಿ.

ಕಿಟ್ ವಿಷಯ. ಅದರಲ್ಲಿ ಏನೇನಿದೆ ಅಂತ ಒಂದೊಂದಾಗಿ ಬರೆಸಿಕೊಳ್ಳಿ. ತ್ರಿಕೋನದ ರಿಫ್ಲೆಕ್ಟರ್, ಫಸ್ಟ್ ಏಯ್ಡ್ ಡಬ್ಬಿ ಕಾರಿನ ಜೊತೆ ಬರುವಂಥವು. ಅವನ್ನು ಕಿಟ್‌ಗೆ ಸೇರಿಸಿದ್ದಾರಾ ನೋಡಿ. ಮಡ್ ಫ್ಲಾಪ್, ಮ್ಯಾಟ್ ಬೇಕು, ಅವು ಹೊರಗೆ ಇನ್ನೂ ಕಮ್ಮಿಗೆ ಸಿಗುತ್ತವೆ. ಮ್ಯಾಟ್ ತೆಳ್ಳಗಿರಲಿ. ಅಂಚು ಎದ್ದಿರುವ ದಪ್ಪ ಮ್ಯಾಟ್ ಹಾಕಿದರೆ ಮಂಡಿ ನೋವಿರುವ ನಿಮ್ಮ ತಂದೆಯವರಿಗೆ ಕಾಲು ಎತ್ತಿಡುವಾಗ ತಡೆಯುತ್ತದೆ. ಒಂದರ ಮೇಲೊಂದು ಮ್ಯಾಟ್ ಅಂತೂ ಬೇಡವೇ ಬೇಡ, ಆಕ್ಸಿಲರೇಟರ್ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಸೀಟ್ ಕವರ್ ಬಗ್ಗೆ ಮಾತ್ರ ತುಂಬಾ ಹುಷಾರಾಗಿರಿ. ಸೈಡ್ ಏರ್‌ಬ್ಯಾಗ್ ಇರುವ ಕಾರಾದರೆ ಮುಂದಿನ ಸೀಟಿನ ಬೆನ್ನಿಗೆ, ಬಾಗಿಲ ಕಡೆ ಅಂಚಿನಲ್ಲಿ, ‘ಏರ್‌ಬ್ಯಾಗ್’ ಅಂತ ಚಿಕ್ಕ ಚೀಟಿ ಹೊಲಿದಿರುತ್ತದೆ. ಚೀಲ ಬಿಚ್ಚಿಕೊಳ್ಳೋದು ಅಲ್ಲಿಂದಲೇ. ಅದರ ಮೇಲೆ ಗಟ್ಟಿ ರೆಕ್ಸಿನ್ ಕವರ್ ಎಳೆದು ಬಿಗಿದರೆ ಬೇಕಾದ ಹೊತ್ತಿಗೆ ಸರಿಯಾಗಿ ತೆರೆಯದೇ ಹೋಗಬಹುದು. ಆ ಜಾಗದಲ್ಲಿ ಕವರ್‌ನ ಹೊಲಿಗೆ ಸಡಿಲ ಇದೆಯಾ, ಏರ್‌ಬ್ಯಾಗ್‌ಗೆ ಹೊಂದುವಂಥದ್ದಾ ಅಂತ ಕೈಯಲ್ಲಿ ಮುಟ್ಟಿ ನೋಡಿ. ಜೀವದ ಪ್ರಶ್ನೆ ಇದು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿ ಅಂತ ಯಾರಾದರೂ ಹೇಳಿದರೂ ಬೇಡ ಅನ್ನಿ. 2017ರಲ್ಲೇ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿದೆ.

ಹ್ಯಾಂಡ್ಲಿಂಗ್ ಚಾರ್ಜ್ ಪೂರ್ತಿ ತೆಗೆಸಿ. ಕಾರನ್ನು ಶೋರೂಂವರೆಗೆ ತರೋ ಖರ್ಚು ಎಕ್ಸ್ ಶೋರೂಂ ಬೆಲೆಯಲ್ಲೇ ಸೇರಿದೆ. ಸೆರಾಮಿಕ್ ಕೋಟಿಂಗ್ ಈಗಲೇ ಬೇಕಿಲ್ಲ. ಆಸೆ ಇದ್ದರೆ ಆಮೇಲೆ ಯಾವತ್ತಾದರೂ ಮಾಡಿಸಬಹುದು.

ಮದ್ದೂರು ರೈತ:
ಅಂಡರ್‌ಬಾಡಿ ಬಗ್ಗೆ ನಾನು ಹೇಳ್ತೀನಿ. ನಮ್ಮ ಮನೆ ಗದ್ದೆ ಬಯಲಲ್ಲಿದೆ. ಮಳೆಗಾಲ ಪೂರ್ತಿ ಕಾರು ಕೆಸರಲ್ಲೇ ಓಡಾಡೋದು. ಈಗಿನ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಅಡಿಗೆ ಕೋಟಿಂಗ್ ಕೊಟ್ಟಿರುತ್ತಾರೆ. ಮಂಗಳೂರು ಕಡೆ ಉಪ್ಪುಗಾಳಿಗೆ ಬೇಕಾಗಬಹುದು, ನಮ್ಮ ಸೀಮೆಗೆ ಅಷ್ಟು ಅಗತ್ಯ ಇಲ್ಲ. ಸುಮ್ನೆ ಸಿಕ್ಕ ಸಿಕ್ಕಲ್ಲಿ ಸ್ಪ್ರೇ ಹೊಡೆದರೆ ಬಾಗಿಲ ಕೆಳಗಿನ ನೀರು ಇಳಿಯೋ ತೂತುಗಳು ಮುಚ್ಚಿಕೊಳ್ಳುತ್ತವೆ, ಒಳಗಡೆ ನೀರು ನಿಂತು ಅಲ್ಲಿಂದಲೇ ತುಕ್ಕು ಶುರು. ಅದರ ಬದಲು ಕೆಸರಲ್ಲಿ ಓಡಿಸಿದ ಮೇಲೆ ಚಕ್ರದ ಗೂಡಿನ ಒಳಗೆ ಪೈಪ್ ಬಿಟ್ಟು ಮಣ್ಣು ತೊಳೆಯಿರಿ.

ಪಾಂಡವಪುರದವ:
ಇಬ್ಬರಿಗೂ ಧನ್ಯವಾದ. ಇನ್ನೊಂದು ಕೇಳೋದಿತ್ತು. ಅಮ್ಮನಿಗೆ ಆಯುಧಪೂಜೆಗೆ ಕಾರು ಮನೆ ಮುಂದೆ ಇರಬೇಕು, ನಿಮಿಷಾಂಬ ದೇವಸ್ಥಾನದಲ್ಲಿ ಪೂಜೆ ಮಾಡಿಸಬೇಕು ಅಂತ ಆಸೆ. ಕಿಟ್ ತಗೊಳ್ಳದಿದ್ದರೆ ಡೆಲಿವರಿ ಹಿಂದೆ ಹೋಗುತ್ತೆ ಅಂತ ಫೋನ್ ಬಂತು. ಎಕ್ಸ್‌ಟೆಂಡೆಡ್ ವಾರಂಟಿ 14,000, ಅದೂ ಈಗಲೇ ತಗೊಳ್ಳಬೇಕಂತೆ.

ಕುವೆಂಪುನಗರ ನಿವಾಸಿ:
ಇದಕ್ಕೆ ಹೆದರಬೇಡಿ. ಅದೇ ಕಾರು ಮಂಡ್ಯ, ಮೈಸೂರು ಎರಡೂ ಕಡೆ ಇನ್ನೊಬ್ಬ ಡೀಲರ್ ಹತ್ತಿರ ಸಿಗುತ್ತದಾ ವಿಚಾರಿಸಿ, ಅಲ್ಲಿಂದಲೂ ಲಿಖಿತ ಕೊಟೇಷನ್ ತಗೊಳ್ಳಿ. ಎರಡನೇ ಚೀಟಿ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಡೆಲಿವರಿ ತಡ ಅಂದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ. ಕಿಟ್ ತಗೊಳ್ಳದಿದ್ದರೆ ತಡ ಎಂದ ಮಾತನ್ನು ಇದ್ದ ಹಾಗೇ ಬರೆಯಿರಿ.

ವಾರಂಟಿ ತಗೊಳ್ಳೋದು ಒಳ್ಳೆಯದೇ, ಗೇರ್‌ಬಾಕ್ಸ್‌ಗೋ ಎಲೆಕ್ಟ್ರಾನಿಕ್ಸ್‌ಗೋ ಏನಾದರೂ ಆದರೆ ಖರ್ಚು ದೊಡ್ಡದು. ಆದರೆ ಕಾರು ಕಂಪನಿಯದ್ದೇ ಆಗಿರಲಿ, ಬೇರೆಯವರದ್ದಲ್ಲ. ಇದೇ ದಿನ ಅಂತೇನಿಲ್ಲ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯೋ ಮುಂಚೆ ತಗೊಳ್ಳಬಹುದು, ತಡವಾದಷ್ಟು ರೇಟು ಏರುತ್ತದೆ.

ಹಬ್ಬದ ಹಿಂದಿನ ದಿನ ಯಾರ್ಡ್‌ನಲ್ಲಿ ಗಡಿಬಿಡಿ ಜಾಸ್ತಿ. ನಾಲ್ಕು ದಿನ ಮೊದಲೇ ಹಗಲು ಬೆಳಕಲ್ಲಿ ಹೋಗಿ ನಿಮ್ಮ ಕಾರು ನೋಡಿ, ಚಾಸಿ ನಂಬರ್ ಬರೆದುಕೊಳ್ಳಿ. ಡೀಲರ್ ಕೊಡುವ ಮಾರಾಟ ಪತ್ರ ಫಾರಂ 21ರಲ್ಲಿ ಕಾರು ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನೂ ತಾಳೆ ನೋಡಿ. ‘ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್ ಇಲ್ಲ’ ಅಂತ ಬುಕಿಂಗ್ ಫಾರಂ ಮೇಲೇ ಬರೆಸಿ, ಸೀಲ್ ಹಾಕಿಸಿ. ಬಾಕಿ ದುಡ್ಡು ಅದಾದ ಮೇಲೆ ಕಳಿಸಿ.